ರಾಣಿ ಪೊಮಾರೆ ಮತ್ತು ಅಕ್ಟೋಬರಿನ ಪಾಸು

ಅನ್ವರಿ ಅದೇ ಡ್ರಾಯರನ್ನು ಮೂರನೆಯ ಸಲ ಜಾಲಾಡುತ್ತಿದ್ದಳು. ಹುಡುಕುವ ಕಾಗದ ಅದರಲ್ಲಿಲ್ಲವೆಂದು ಅವಳಿಗೆ ಗೊತ್ತಿತ್ತು. ಅವಳ ಗಂಡ ಇನಾಯತ್ ಉಲ್ಲಾನನ್ನು ಮಣ್ಣು ಮಾಡಿ ಬಂದ ಗಂಡಸರು ಬಾಗಿಲಲ್ಲಿ ಬೂಟಿನ ಹಿಮ ಕೊಡವುತ್ತಿದ್ದರು.

"ಸಿಕ್ತಾ ಭಾಬಿ?" ಗಂಡನ ಗೆಳೆಯ ಅಜೀಮ್ ನಡುಮನೆಯಿಂದ ಕೇಳಿದ. "ಕೊನೇ ಮೂರು ತಿಂಗಳ ಪೇ ಸ್ಲಿಪ್ ಸಾಕು. ನೀವು ತಾಯಿ-ಮಗಳು ಇಲ್ಲಿದ್ದಿದ್ದೇ ಅವನ ವೀಸಾ ಮೇಲೆ. ಆತಿಕಾಗೆ ಸ್ಟೂಡೆಂಟ್ ವೀಸಾ ಮಾಡಿಸ್ಬೇಕಂದ್ರೆ ಲಾಯರ್ ಮೊದ್ಲು ಕೇಳೋದೇ ಅದನ್ನ."

"ಎಲ್ಲೋ ಇಟ್ಟಿದ್ರು. ನೋಡ್ತೀನಿ."

"ಇಟ್ಟೇ ಇರ್ತಾನೆ. ಮೊಣಕಾಲುದ್ದ ಹಿಮ ಬಿದ್ರೂ ಏಳೂ ಹತ್ತರ ಟ್ರೇನ್ ತಪ್ಪಿಸ್ದೋನಲ್ಲ. ಟ್ರೇನೇ ಲೇಟಾದ್ರೆ ಅದಕ್ಕೇ ಬೈತಿದ್ದ." ಯಾರೋ ಮೆಲ್ಲಗೆ ನಕ್ಕರು. "ಆದ್ರೆ ಆಫೀಸಿಂದ ಒಬ್ರೂ ಬರ್ಲಿಲ್ಲ ನೋಡಿ."

ಅನ್ವರಿ ಡ್ರಾಯರನ್ನು ಒಳಕ್ಕೆ ತಳ್ಳಿದಳು.

*

ಎರಡು ಸಾವಿರದ ಎಂಟರ ನವೆಂಬರ್ ಮುಗಿಯುತ್ತಿತ್ತು. ಗಂಡನ ಕೋಟಿಗೆ ಗುಂಡಿ ಹೊಲಿಯುವಾಗ ಜೇಬಿನಲ್ಲಿ ರೈಲಿನ ತಿಂಗಳ ಪಾಸು ಸಿಕ್ಕಿತು. ಅಕ್ಟೋಬರಿನದು. ನವೆಂಬರಿನದು ಇರಲಿಲ್ಲ. ಮರುದಿನ ಅನ್ವರಿ ದೂರದಿಂದಲೇ ಅವನ ಹಿಂದೆ ನಡೆದಳು. ಊಟದ ಡಬ್ಬಿ ಹಿಡಿದು ಅವನು ಸ್ಟೇಷನ್ ದಾಟಿದ, ಇನ್ನೂ ತೆರೆಯದ ಲೈಬ್ರರಿಯ ಬಾಗಿಲಲ್ಲಿ ಕಾಯುತ್ತ ನಿಂತ.

ಕೆಲಸ ಹೋಗಿತ್ತು. ಕೆಲಸ ಹೋದರೆ ವೀಸಾ ಹೋದಂತೆ. ಅವಳು ಬಾಯಿ ಬಿಡಲಿಲ್ಲ. ಡಬ್ಬಿ ಕಟ್ಟುವುದನ್ನೂ ಬಿಡಲಿಲ್ಲ.

ಸಂಜೆ ಬಂದು ಅವನು ತಾಹಿತಿ ದ್ವೀಪದ ರಾಣಿ ಪೊಮಾರೆಯ ಕತೆ ಹೇಳುತ್ತಿದ್ದ. ಟ್ರೇನಿನಲ್ಲಿ ಓದಿದ್ದಂತೆ.

"ಫ್ರೆಂಚರು ತೋಪಿನ ಹಡಗು ತಂದು ಸಹಿ ಹಾಕಿಸ್ಕೊಂಡ್ರು. ಬೇರೆ ದ್ವೀಪಕ್ಕೆ ಹೋದ್ಲು, ಮತ್ತೆ ಬಂದ್ಲು. ಆಮೇಲೂ ಮೂವತ್ತು ವರ್ಷ ರಾಣೀನೇ."

"ರಾಜ್ಯಾನೇ ಅವ್ರದಾದ್ಮೇಲೆ ಎಂಥ ರಾಣಿ?"

ಅವನು ಚಹಾದ ಲೋಟದೊಳಗೇ ನೋಡುತ್ತಿದ್ದ. "ದಿನಾ ಎದ್ದು ಸಿಂಗಾರ ಮಾಡ್ಕೊಂಡು ಕೂತಿರ್ತಿದ್ಲೇನೋ. ಮನೆಯವ್ರು ಹೆದರ್ಬಾರ್ದಲ್ಲ."

*

ಕರೆಗಂಟೆ ಸದ್ದಾಯಿತು. ಮಗಳು ಆತಿಕಾ ಬಾಗಿಲು ತೆರೆದಳು. ಹೊರಗೆ ಲೈಬ್ರರಿಯ ಬಿಳಿಗೂದಲಿನ ಹೆಂಗಸು, ಕೈಯಲ್ಲೊಂದು ಪುಸ್ತಕ. ಅಂದು ಬೀಗ ತೆಗೆದವಳು ಇವಳೇ.

"ಹೂ ಈಸ್ ಶಿ, ಅಮ್ಮಿ?"

"ಅಬ್ಬಾನ ಆಫೀಸಿನವ್ರು," ಅಂದುಬಿಟ್ಟಳು ಅನ್ವರಿ.

ಅಜೀಮ್ ಎದ್ದು ಬಂದ. "ಒಳ್ಳೇದಾಯ್ತು. ಪೇ ಸ್ಲಿಪ್ ಇವ್ರನ್ನೇ ಕೇಳೋಣ." ಇಂಗ್ಲಿಷಿಗೆ ಹೊರಳಿ, ನೀವು ಇನಾಯತ್ ಆಫೀಸಿನವರೇ ಎಂದು ವಿಚಾರಿಸಿದ.

ಆಕೆ ಸಾಲುಗಟ್ಟಿದ ಬೂಟುಗಳನ್ನು ನೋಡಿದಳು. ಬಿಳಿ ದುಪಟ್ಟಾದೊಳಗಿನ ಅನ್ವರಿಯ ಮುಖ ನೋಡಿದಳು. ನಿಧಾನವಾಗಿ ಹೌದೆಂದಳು. ಕಿಟಕಿ ಪಕ್ಕದ ಮೇಜು ಅವರದು, ಒಂದು ದಿನವೂ ತಡವಾದವರಲ್ಲ, ಎಂದಳು.

ಆಕೆ ಚಾಚಿದ ಪೊಮಾರೆಯ ಪುಸ್ತಕದ ಮೇಲಿನ ಲೈಬ್ರರಿ ಚೀಟಿಯನ್ನು ಅನ್ವರಿ ಅಂಗೈಯಿಂದ ಮುಚ್ಚಿ ಎದೆಗೊತ್ತಿಕೊಂಡಳು. ಹಾಳೆಗಳ ನಡುವೆ ಗುರುತಿಗಿಟ್ಟ ಅದೇ ಪಾಸು ಇಣುಕುತ್ತಿತ್ತು. ಅಜೀಮನ ಕಣ್ಣು ಅತ್ತ ಹೊರಳುವಷ್ಟರಲ್ಲಿ ಅವಳ ಹೆಬ್ಬೆರಳು ಅದನ್ನು ಒಳಕ್ಕೆ ನೂಕತೊಡಗಿತು, ಅಕ್ಟೋಬರ್ ಎಂಬ ಅಕ್ಷರಗಳು ಪೂರ್ತಿ ಮುಳುಗುವವರೆಗೆ.