ಸದ್ದಡಗಿಸಿ ನೋಡಿದ ವಿಡಿಯೊ

ಆಫೀಸಿನಲ್ಲಿ ಅವಳಿಗೆ ಕತ್ತರಿ ಎಂದು ಅಡ್ಡಹೆಸರು. ಜನ ಇಂಟರ್‌ನೆಟ್ಟಿಗೆ ಹಾಕುವ ವಿಡಿಯೊಗಳಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ನೋಡುವ ಕೆಲಸ. ಮೊದಲ ವರ್ಷವೇ ಅವಳ ನಿದ್ದೆ ಹಾರಿಹೋಗಿತ್ತು. ಕೊಲ್ಲುವವರು, ಕಿರುಚುವವರು, ಎಲ್ಲರೂ ಊಟದ ತಟ್ಟೆಯವರೆಗೂ ಬೆನ್ನು ಹತ್ತಿ ಬರುತ್ತಿದ್ದರು. ಕೊನೆಗೆ ತಾನೇ ಒಂದು ಉಪಾಯ ಕಂಡುಕೊಂಡಳು: ಸದ್ದು ಬಂದ್ ಮಾಡು, ಬಣ್ಣ ತೆಗೆದುಬಿಡು. ರಕ್ತ ಬೂದಿಯ ಹಾಗೆ ಕಂಡರೆ ಅರ್ಧ ಭಯ ಹೋಗುತ್ತದೆ, ಕಿರುಚಾಟ ಕೇಳದಿದ್ದರೆ ಇನ್ನರ್ಧ. ಪಕ್ಕದ ಮೇಜಿಗೆ ಬಂದ ಹೊಸಬಳಿಗೂ ಅದನ್ನೇ ಹೇಳಿಕೊಟ್ಟಳು. "ಕೇಳ್ತಾ ಕೂತ್ರೆ ಹುಚ್ಚು ಹಿಡಿಯುತ್ತೆ ಕಣೇ. ನೋಡು, ಒತ್ತು, ಮರೆತುಬಿಡು." ಹೊಸಬಳಿಗೆ ಅವಳೇ ಗುರು. ಎಂಥ ಗುರುವೋ!

ಅವಳಿದ್ದದ್ದು ಅಣ್ಣ ಅತ್ತಿಗೆಯ ಮನೆಯಲ್ಲಿ. ಅಣ್ಣ ಬಸ್ ಡ್ರೈವರ್. ಬಾಯಿ ಜೋರು, ಮನಸ್ಸು ಬೆಣ್ಣೆ. ಒಂದು ದಿನ ಬಸ್ ನಿಲ್ದಾಣದ ಎದುರು ಐದಾರು ಜನ ಸೇರಿ, ಕರಪತ್ರ ಹಂಚುತ್ತಿದ್ದ ಮುದುಕನೊಬ್ಬನನ್ನು ಬಡಿಯುತ್ತಿದ್ದರು. ಅಣ್ಣ ಬಸ್ಸು ನಿಲ್ಲಿಸಿ ಓಡಿ, ಏಟು ತಾಗದಂತೆ ಮುದುಕನ ಮೇಲೆ ಕವುಚಿ ಬಿದ್ದ. ಹೊಡೆದವರಿಗೆ ದೊಡ್ಡವರ ಬಲವಿತ್ತು. ಪೊಲೀಸರು ಬರುವ ಹೊತ್ತಿಗೆ ಕಾಲಿಗೆ ಬುದ್ಧಿ ಹೇಳಿದ್ದರು. ಕೈಗೆ ಸಿಕ್ಕವನು ಅಣ್ಣನೊಬ್ಬನೇ, ಅಂಗಿಯ ತುಂಬ ಮುದುಕನ ರಕ್ತ. ಆಸ್ಪತ್ರೆಯಲ್ಲಿ ಮುದುಕ ಕಣ್ಣು ತೆರೆಯಲೇ ಇಲ್ಲ. ಕೊಲೆ ಕೇಸು ಬಿತ್ತು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ.

ಎದುರಿನ ದರ್ಜಿ ಅದೆಲ್ಲವನ್ನೂ ಮೊಬೈಲಿನಲ್ಲಿ ಹಿಡಿದು ಇಂಟರ್‌ನೆಟ್ಟಿಗೆ ಹಾಕಿದ್ದ. ಮಾರನೆಯ ದಿನ ಹೊಡೆದವರು ಬಂದು ಆ ಮೊಬೈಲನ್ನು ಪುಡಿ ಮಾಡಿ ಹೋದರು. ವಿಡಿಯೊ ಹುಡುಕಿದರೆ ಪರದೆಯ ಮೇಲೆ ಒಂದೇ ಸಾಲು: ನಿಯಮಕ್ಕೆ ವಿರುದ್ಧವಾದ್ದರಿಂದ ತೆಗೆಯಲಾಗಿದೆ. ಅದೊಂದು ಸಿಕ್ಕರೆ ನಿಮ್ಮವನು ಹೊರಗೆ ಬಂದ ಹಾಗೇ ಎಂದು ವಕೀಲ ಹೇಳಿದ್ದ. ಅತ್ತಿಗೆಯನ್ನು ಕರೆದುಕೊಂಡು ಅವಳು ದರ್ಜಿಯ ಅಂಗಡಿಗೆ ಹೋದಳು.

"ಸಾಕ್ಷಿ ಹೇಳೋಕೆ ನಾನು ಬರಲ್ಲಮ್ಮ, ಮಕ್ಕಳಿರೋನು," ಎಂದ ದರ್ಜಿ. "ಆದ್ರೆ ವಿಡಿಯೊದಲ್ಲಿ ನಿಮ್ಮಣ್ಣನ ದನಿ ಎಷ್ಟು ಚೆನ್ನಾಗಿ ಕೇಳ್ತಿತ್ತು ಗೊತ್ತಾ? 'ಹೊಡೀಬೇಡ್ರೋ, ಸತ್ತೋಗ್ತಾನೆ, ಬೇಕಾದ್ರೆ ನನ್ನ ಹೊಡೀರಿ' ಅಂತ. ಮುಖ ಬಿದ್ದಿರ್ಲಿಲ್ಲ, ಬರೀ ಬೆನ್ನು. ಇಲ್ಲೇ, ಈ ಟೇಪಿನ ಹಿಂದೆ ನಿಂತ್ಕೊಂಡು ತೆಗೆದಿದ್ದು."

ಕಿಟಕಿಯಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು. ಹರಿದು, ನಡುವೆ ಗಂಟು ಹಾಕಿದ್ದ ಟೇಪು. ಆ ಗಂಟನ್ನು ಅವಳು ಆಫೀಸಿನ ಪರದೆಯ ಮೇಲೆ ನೋಡಿದ್ದಳು. ಅದರಾಚೆ ಬೂದು ಬೀದಿ, ಬೂದು ಅಂಗಿಯವನೊಬ್ಬ ಬಿದ್ದವನ ಮೇಲೆ ಎರಗಿದ್ದ. ಕತ್ತು ಹಿಸುಕುತ್ತಿದ್ದಾನೆ ಪಾಪಿ ಎಂದುಕೊಂಡು ಬಟನ್ ಒತ್ತಿ, ಟೀ ಕುಡಿಯಲು ಎದ್ದುಹೋಗಿದ್ದಳು. ಅದು ಡ್ರೈವರುಗಳ ನೀಲಿ ಅಂಗಿ. ವಾರ ವಾರ ಅವಳೇ ಇಸ್ತ್ರಿ ಮಾಡುತ್ತಿದ್ದ ಅಂಗಿ.

ಬೆಳಗಾಗುತ್ತಲೇ ಮೇಲ್ವಿಚಾರಕನ ಮುಂದೆ ನಿಂತಳು. "ಸರ್, ಒಂದು ವಿಡಿಯೊ ತಪ್ಪಾಗಿ ತೆಗೆದುಹಾಕಿಬಿಟ್ಟೆ."

"ಹಾಕಿದವರು ಅರ್ಜಿ ಕೊಡಲಿ. ತೆಗೆದುಹಾಕಿದವರು ಮತ್ತೆ ಅದನ್ನ ಮುಟ್ಟೋ ಹಾಗಿಲ್ಲ, ಯಾರ ಹತ್ರಾನೂ ಬಾಯಿ ಬಿಡೋ ಹಾಗಿಲ್ಲ. ಬಿಟ್ರೆ ಅವತ್ತೇ ಮನೆಗೆ. ಯಾಕೆ, ನಿಮ್ಮ ಪೈಕಿಯವರದಾ?"

"ಅಲ್ಲ ಸರ್," ಎಂದಳು.

ದರ್ಜಿಯ ಕೈಕಾಲು ಹಿಡಿದು ಅರ್ಜಿ ಹಾಕಿಸಿದಳು. ಎರಡನೇ ಸಲ ನೋಡಿದವರದೇ ಕೊನೆಯ ಮಾತು. ಅವರೂ ಬೇಡವೆಂದರೆ ವಿಡಿಯೊ ಹೇಳಹೆಸರಿಲ್ಲದಂತೆ ಅಳಿಸಿಹೋಗುತ್ತದೆ. ಅದು ಬಂದದ್ದು ಪಕ್ಕದ ಮೇಜಿಗೇ. ಓರೆಗಣ್ಣಿನಲ್ಲಿ ಗಂಟು ಹಾಕಿದ ಟೇಪು ಕಂಡಿತು, ಬೂದು ಬೂದಾಗಿ. ಹೊಸಬಳ ಹೆಡ್‌ಫೋನು ಮೇಜಿನ ಮೇಲೆ ಬಿದ್ದಿತ್ತು.

'ಸೌಂಡ್ ಹಾಕೇ.' ಇಷ್ಟೇ ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದೂ ಬಂದಿತ್ತು. ಹಿಂದೆ ಮೇಲ್ವಿಚಾರಕನ ಬೂಟಿನ ಸದ್ದಾಯಿತು, ಮಾತನ್ನು ನುಂಗಿಕೊಂಡಳು. ಅಣ್ಣ ಒಳಗಿರುವಾಗ ಮನೆಗೆ ನನ್ನ ಸಂಬಳವೇ ಗತಿಯಲ್ಲವೇ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡಳು. ಅದೇನೂ ಸುಳ್ಳಲ್ಲ. ಆದರೆ ಆ ಗಳಿಗೆಯಲ್ಲಿ ಸಂಬಳವೂ ನೆನಪಾಗಲಿಲ್ಲ, ಮನೆಯೂ ನೆನಪಾಗಲಿಲ್ಲ; ಹೆದರಿದಳು, ಅಷ್ಟೇ. ಹೊಸಬಳು ನೋಡಿದಳು, ಒತ್ತಿದಳು, ಮುಂದಿನದಕ್ಕೆ ಹೋದಳು.

ಸಂಜೆ ಮನೆಗೆ ಬಂದರೆ ವಕೀಲ ಕೈಚೆಲ್ಲಿದ ಸುದ್ದಿ ಅವಳಿಗಿಂತ ಮೊದಲೇ ಬಂದಿತ್ತು. ಅತ್ತಿಗೆ ತಟ್ಟೆಯನ್ನು ಕುಕ್ಕಿದಳು.

"ಅಳಿಸಿದ ಕೈ ಸೇದಿಹೋಗ್ಲಿ! ಅಲ್ವೇ, ಇದೆಲ್ಲ ನಿಮ್ಮ ಆಫೀಸಲ್ಲೇ ತಾನೇ ನೋಡೋದು? ಯಾರು ಮಾಡಿದ್ದು ಅಂತ ಗೊತ್ತಾಗಲ್ವಾ?"

ಅವಳು ಅನ್ನ ಕಲಸುತ್ತಲೇ ಹೇಳಿದಳು: "ಅದನ್ನ ಮನುಷ್ಯರು ನೋಡೇ ಇಲ್ಲ ಅತ್ತಿಗೆ. ಯಂತ್ರ ತಾನಾಗೇ ತೆಗೆದುಹಾಕಿದೆ."

ಅತ್ತಿಗೆ ಬಂದು ಪಕ್ಕದಲ್ಲಿ ಕೂತಳು. ಅಂಗೈಯಲ್ಲೇ ಕಣ್ಣು ಒರೆಸಿಕೊಂಡಳು.

"ನಾನೂ ಹಾಗೇ ಅಂದ್ಕೊಂಡೆ ಬಿಡು. ಮನುಷ್ಯರಾಗಿದ್ರೆ ಒಂದ್ಸಲನಾದ್ರೂ ಕಿವಿಗೊಟ್ಟು ಕೇಳ್ತಿದ್ರು," ಎಂದು ಅವಳ ತಟ್ಟೆಗೆ ಇನ್ನಷ್ಟು ಬಡಿಸಿದಳು. "ನೀನಾದ್ರೂ ಉಣ್ಣು. ಈ ಮನೇಲಿ ಇನ್ನು ನನಗೆ ನೀನೊಬ್ಬಳೇ ದಿಕ್ಕು."