ಎಡಚಿಯ ಗಂಟು

"ಏಯ್ ಎಡಚಿ, ನಿನ್ನ ಕೈಗೆ ಲಕ್ವ ಹೊಡೀಲಿ! ಧೂಳು ಹೊಡಿ ಅಂದ್ರೆ ನನ್ನ ತಲೆ ಮೇಲೇ ಸುರೀತೀಯಲ್ಲೇ ಮುಂಡೇದೇ!"

ಏಣಿಯ ಕೆಳಗೆ ನಿಂತ ಸೂಪರಿಂಟೆಂಡೆಂಟ್ ತನ್ನ ಬೋಳುತಲೆಯನ್ನು ಕರವಸ್ತ್ರದಿಂದ ಉಜ್ಜಿಕೊಂಡ. ಏಣಿಯ ಮೇಲಿದ್ದವಳು "ತಪ್ಪಾಯ್ತು ಸಾರ್" ಅಂದಳು. ಹತ್ತೊಂಬತ್ತು ವರ್ಷದಿಂದ ಹೇಳಿ ಹೇಳಿ ಆ ಮಾತು ಅವಳ ಬಾಯಿಂದ ಕೆಮ್ಮಿನ ಹಾಗೆ ತಾನಾಗಿ ಬರುತ್ತಿತ್ತು.

"ಮೂರು ಗಂಟೆಗೆ ಸಮಿತಿಯವರು ಬರ್ತಾರೆ. ಅಷ್ಟರೊಳಗೆ ಒಂದು ಜೇಡರ ಬಲೆ ಕಾಣಬಾರದು. ಕರೆದಾಗ ಎರಡು ಕಟ್ಟು ಹೊತ್ಕೊಂಡು ಬಾ, ಇಟ್ಟು ಹೋಗು. ಬಾಯಿ ಬಿಚ್ಚಿದ್ರೆ ಹಲ್ಲು ಉದುರಿಸ್ತೀನಿ."

ಅವನು ಹೋದ. ಅವಳು ಮತ್ತೆ ಪೊರಕೆ ಎತ್ತಿಕೊಂಡಳು. ಅದು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದ ಉಗ್ರಾಣ. ನೆಲದಿಂದ ಸೂರಿನವರೆಗೆ ಕಬ್ಬಿಣದ ಕಪಾಟು, ಕಪಾಟಿನ ತುಂಬ ಉತ್ತರ ಪತ್ರಿಕೆಗಳ ಕಟ್ಟು. ಒಂದೊಂದು ಕಟ್ಟಿಗೂ ಕಂದು ಕಾಗದದ ಹೊದಿಕೆ, ಮೇಲೆ ಮಕ್ಕಳ ನಂಬರು ಬರೆದ ಚೀಟಿ. ಅವಳಿಗೆ ಓದು ಬಾರದು. ಚೀಟಿಯ ಬಣ್ಣ ನೋಡಿ ಯಾವ ವಿಷಯ ಎಂದು ಹೇಳುತ್ತಿದ್ದಳು. ನೀಲಿ ಚೀಟಿ ಭೌತಶಾಸ್ತ್ರ, ಕೊನೆಯ ವರ್ಷದ್ದು. ಅದನ್ನಂತೂ ಅವಳು ಮರೆಯುವ ಹಾಗಿರಲಿಲ್ಲ. ಅವಳ ಮಗಳಿಗೆ ಆ ವಿಷಯದಲ್ಲಿ ನೂರಕ್ಕೆ ಆರು ಬಂದಿತ್ತು.

ಆರು! ಚಿಕ್ಕಂದಿನಿಂದ ಮೊದಲ ಸಾಲಿನಲ್ಲಿ ಕೂತ ಹುಡುಗಿ. ಫಲಿತಾಂಶ ಬಂದ ದಿನದಿಂದ ಅವಳು ಊಟ ಬಿಟ್ಟಿದ್ದಳು. ರಾತ್ರಿಯಾದರೆ ಇರುವ ಒಂದೇ ಕೋಣೆಯ ಮೂಲೆಯಲ್ಲಿ ಕೂತು, ರದ್ದಿ ಕಾಗದದ ಹಿಂಬದಿಯಲ್ಲಿ ಅದೇ ಪ್ರಶ್ನೆಗಳಿಗೆ ಅದೇ ಉತ್ತರಗಳನ್ನು ಮತ್ತೆ ಮತ್ತೆ ಬರೆಯುತ್ತಿದ್ದಳು. "ನೋಡಮ್ಮಾ, ಇಷ್ಟು ಬರೆದಿದ್ದೆ. ಇದೆಲ್ಲ ಸುಳ್ಳಾ? ನನಗೇ ಭ್ರಮೆನಾ?" ಎಂದು ಕೇಳುತ್ತಿದ್ದಳು. ಏನು ನೋಡಬೇಕೋ ತಿಳಿಯದ ತಾಯಿ "ಎಲ್ಲಾ ಸರಿಯಾಗಿದೆ ಕಣೇ" ಎನ್ನುತ್ತಿದ್ದಳು. ಮಾಸ್ತರಿಕೆ ತರಬೇತಿಗೆ ಸೇರಲು ಇನ್ನು ಒಂಬತ್ತು ದಿನ ಉಳಿದಿತ್ತು. ನಪಾಸಾದವರಿಗೆ ಅಲ್ಲಿ ಜಾಗವಿಲ್ಲ.

ಮಗಳೊಬ್ಬಳೇ ಅಲ್ಲ. ನೀಲಿ ಚೀಟಿಯ ಮುನ್ನೂರು ಚಿಲ್ಲರೆ ಮಕ್ಕಳು ನೆಲ ಕಚ್ಚಿದ್ದರು. ಪರೀಕ್ಷೆಗೇ ಬಾರದ ಒಬ್ಬನಿಗೆ ಎಪ್ಪತ್ತೆರಡು ಬಂದಿತ್ತು! ಹನ್ನೊಂದು ದಿನದಿಂದ ಮಗಳೂ ಸೇರಿ ಮಕ್ಕಳು ಹಗಲೆಲ್ಲ ದೊಡ್ಡ ಗೇಟಿನ ಹೊರಗೆ ಕೂತಿದ್ದರು. ಅವರು ಕೇಳಿದ್ದು ಎರಡೇ: ಪತ್ರಿಕೆಗಳ ಕಟ್ಟನ್ನು ನಮ್ಮೆದುರು ಬಿಚ್ಚಿ; ವಿಚಾರಣೆಗೆ ಹೊರಗಿನವರನ್ನು ಕೂರಿಸಿ. ಪರೀಕ್ಷೆ ಮುಗಿದ ಹನ್ನೆರಡೇ ದಿನದಲ್ಲಿ ಫಲಿತಾಂಶ ಕೊಟ್ಟೆವೆಂದು ಹಾರ ಹಾಕಿಸಿಕೊಂಡು ಪೇಪರಿನಲ್ಲಿ ಫೋಟೋ ಬರಿಸಿಕೊಂಡಿದ್ದ ಕುಲಪತಿಗಳು ಕೊನೆಗೂ ಒಂದು ಸಮಿತಿ ಮಾಡಿದ್ದರು, ತಾವೇ ಆರಿಸಿದ ಮೂರು ಜನರದ್ದು.

ಸೂರಿನ ಹತ್ತಿರದ ನೀಲಿ ಚೀಟಿಯ ಸಾಲಿಗೆ ಫಲಿತಾಂಶ ಬಂದ ಮೇಲೆ ಮೊದಲ ಸಲ ಕೈ ಹಾಕಿದವಳು ಹಾಗೇ ನಿಂತಳು. ಹುರಿಯ ಮೇಲೆ ಬೆರಳಾಡಿಸಿದಳು. ಪಕ್ಕದ ಕಟ್ಟು ನೋಡಿದಳು, ಅದರ ಪಕ್ಕದ್ದು ನೋಡಿದಳು. ಸಾಲಿಗೆ ಸಾಲೇ ನೋಡಿ ಮುಗಿಸುವಷ್ಟರಲ್ಲಿ ಮೈ ಬೆವತಿತ್ತು.

ಎಲ್ಲವೂ ಅವಳದೇ ಗಂಟು.

ಅವಳಿಗೆ ಎಡಚಿ ಎಂದು ಹೆಸರು ಬಿದ್ದದ್ದೇ ಆ ಗಂಟಿನಿಂದ. ಬರೆದಾದ ಪತ್ರಿಕೆಗಳನ್ನು ಹುರಿಯಲ್ಲಿ ಕಟ್ಟುವುದು ಅವಳ ಕೆಲಸ. ಎಲ್ಲರೂ ಬಲಕ್ಕೆ ಸುತ್ತಿದರೆ ಇವಳು ಎಡಕ್ಕೆ ಸುತ್ತಿ, ಒಂದು ಸಲ ಅಡಿಯಿಂದ ತಂದು, ತುದಿಯನ್ನು ಗಂಟಿನ ಹೊಟ್ಟೆಯೊಳಗೇ ಸೇರಿಸಿಬಿಡುತ್ತಿದ್ದಳು. ಬಿಚ್ಚಲು ಹೋದಷ್ಟೂ ಬಿಗಿಯುವ ಗಂಟು ಅದು. ಪರೀಕ್ಷೆ ಮುಗಿದು ಕಟ್ಟುಗಳು ಪತ್ರಿಕೆ ತಿದ್ದುವ ಕೇಂದ್ರಕ್ಕೆ ಹೋದಾಗ ಅಲ್ಲಿನವರು ಇವಳ ಏಳು ತಲೆಮಾರಿಗೂ ಬೈಯುತ್ತಾ ಬ್ಲೇಡಿನಲ್ಲಿ ಹುರಿ ಕೊಯ್ಯುತ್ತಿದ್ದರು. ತಿದ್ದಿಯಾದ ಮೇಲೆ ಅಲ್ಲಿನ ಜವಾನರು ಹೊಸ ಹುರಿಯಲ್ಲಿ, ಎಳೆದರೆ ಬಿಚ್ಚಿಕೊಳ್ಳುವ ಸಾದಾ ಗಂಟು ಹಾಕಿ ವಾಪಸು ಕಳಿಸುತ್ತಿದ್ದರು. ಹತ್ತೊಂಬತ್ತು ವರ್ಷದಲ್ಲಿ ಅವಳ ಗಂಟು ಹೋದದ್ದು ಹೋದ ಹಾಗೇ ತಿರುಗಿ ಬಂದದ್ದಿಲ್ಲ.

ಈ ಸಲ ಬಂದಿತ್ತು. ಅಂದರೆ ಯಾರೂ ಕಟ್ಟು ಬಿಚ್ಚಿಯೇ ಇರಲಿಲ್ಲ. ಓದದೆ, ತಿದ್ದದೆ, ಬಾಯಿಗೆ ಬಂದ ಅಂಕ ಬರೆದಿದ್ದರು.

ಮಧ್ಯಾಹ್ನ ಊಟದ ಹೊತ್ತಿಗೆ ಅವಳು ಗೇಟಿಗೆ ಓಡಿದಳು. ಕಂಬಿಗಳ ಆಚೆ ಮಗಳು ನಿಂತಿದ್ದಳು. ಕೆನ್ನೆ ಒಳಸೇರಿ ಕಣ್ಣೆರಡೇ ದೊಡ್ಡದಾಗಿದ್ದವು. ತಾಯಿ ಬುತ್ತಿಯ ಡಬ್ಬಿಯನ್ನು ಕಂಬಿಯ ಸಂದಿಯಲ್ಲಿ ತೂರಿಸುತ್ತಲೇ ಎಲ್ಲ ಹೇಳಿದಳು. ಕೇಳುತ್ತಾ ಕೇಳುತ್ತಾ ಮಗಳು ಗೊಳೋ ಎಂದು ಅತ್ತುಬಿಟ್ಟಳು.

"ಹಾಗಾದ್ರೆ ನನ್ನ ತಲೆ ಸರಿ ಇದೆ ಅಲ್ವೇನಮ್ಮಾ?"

"ಸರಿ ಇದೆ ಕಣೇ. ಆ ನನ್ಮಕ್ಕಳದ್ದೇ ಸರಿ ಇಲ್ಲ."

ಮಗಳು ಕಣ್ಣೊರೆಸಿಕೊಂಡು ದನಿ ತಗ್ಗಿಸಿದಳು. "ಒಳಗೆ ಯಾರಿಗೂ ಹೇಳ್ಬೇಡ. ನಾಳೆ ಪೇಪರಿನವರು ಇಲ್ಲಿಗೇ ಬರ್ತಾರೆ. ಅವರ ಮುಂದೆ ಹೇಳು."

"ಇವತ್ತು ಸಮಿತಿ ಬರುತ್ತಲ್ಲ. ಅದರಲ್ಲಿ ನಿವೃತ್ತ ಜಡ್ಜು ಒಬ್ಬರಿದ್ದಾರಂತೆ. ದೊಡ್ಡವರು, ಕಣ್ಣಾರೆ ನೋಡಿದ ಮೇಲೆ ಇಲ್ಲ ಅಂತಾರಾ?"

"ಅವರನ್ನ ಕರೆಸಿದ್ದು ಯಾರಮ್ಮಾ? ಅಂಕ ಬರೆಸಿದವರೇ. ನಿನ್ನ ಕಾಲಿಗೆ ಬೀಳ್ತೀನಿ, ಬಾಯಿ ಬಿಡಬೇಡ."

ತಾಯಿ ಆಗಲಿ ಅಂದಳು. ಅಂದದ್ದನ್ನು ನಡೆಸುವ ಮನಸ್ಸೂ ಇತ್ತು. ಆದರೆ ಆ ಒಳಸೇರಿದ ಕೆನ್ನೆಯನ್ನು ಕಂಡು ಬಂದವಳಿಗೆ ನಾಳೆಯವರೆಗೆ ಕಾಯುವುದು ಸುಲಭವಿರಲಿಲ್ಲ.

ಸಮಿತಿ ಕೂತದ್ದು ಮೊದಲ ಮಹಡಿಯ ಸಭಾಂಗಣದಲ್ಲಿ. ಉದ್ದನೆಯ ಮೇಜು, ಮೆತ್ತನೆಯ ಕುರ್ಚಿ, ತಟ್ಟೆಯಲ್ಲಿ ಬಿಸ್ಕತ್ತು. ನಡುವೆ ನಿವೃತ್ತ ಜಡ್ಜು, ಆಚೀಚೆ ಇಬ್ಬರು ಪ್ರೊಫೆಸರುಗಳು, ಎದುರಿಗೆ ರಿಜಿಸ್ಟ್ರಾರ್, ಬದಿಯಲ್ಲಿ ಬರೆದುಕೊಳ್ಳುವ ಗುಮಾಸ್ತ, ಬಾಗಿಲ ಬಳಿ ಸೂಪರಿಂಟೆಂಡೆಂಟ್. ಇವಳು ನೀಲಿ ಚೀಟಿಯ ಒಂದು ಕಟ್ಟನ್ನು ತಲೆಯ ಮೇಲೆ, ಇನ್ನೊಂದನ್ನು ಸೊಂಟಕ್ಕೆ ಒತ್ತಿಕೊಂಡು ಮೆಟ್ಟಿಲು ಹತ್ತಿ ಬಂದು ಮೇಜಿನ ಮೇಲಿಟ್ಟಳು.

"ನೋಡಿ ಸಾರ್, ಪತ್ರಿಕೆಗಳು ಎಷ್ಟು ಭದ್ರವಾಗಿವೆ," ಎಂದರು ರಿಜಿಸ್ಟ್ರಾರ್.

ಜಡ್ಜು ಕಟ್ಟಿನ ಮೇಲೆ ಮೊಣಕೈ ಊರಿ ತಲೆದೂಗಿದರು. "ಭದ್ರವಾಗಿವೆ. ಬರ್ಕೊಳ್ಳಿ."

ಇವಳು ಬಾಗಿಲವರೆಗೆ ಹೋದಳು. ಕಾಲು ಮುಂದೆ ಹೋಗಲಿಲ್ಲ.

"ಸಾರ್, ಆ ಕಟ್ಟು ಯಾರೂ ಬಿಚ್ಚಿಲ್ಲ."

"ಏಯ್!" ಎಂದು ಸೂಪರಿಂಟೆಂಡೆಂಟ್ ಮುನ್ನುಗ್ಗಿದ. ಜಡ್ಜು ಕೈಯೆತ್ತಿ ತಡೆದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಅದನ್ನೇ ನೆಚ್ಚಿ ಅವಳು ಗಂಟಿನ ಕತೆ ಒಂದೇ ಉಸಿರಿಗೆ ಹೇಳಿದಳು. ಒಬ್ಬ ಪ್ರೊಫೆಸರು ನಕ್ಕರು. ಇನ್ನೊಬ್ಬರು ಹುರಿಯ ತುಂಡೊಂದನ್ನು ಎಸೆದು "ಹಾಕಿ ತೋರಿಸು ನೋಡೋಣ" ಎಂದರು. ಅವಳು ನೆಲದ ಮೇಲೆ ಕೂತು, ಬಿಸ್ಕತ್ತಿನ ಡಬ್ಬಕ್ಕೆ ಹುರಿ ಸುತ್ತಿ ಗಂಟು ಹಾಕಿ ತೋರಿಸಿದಳು. ಪ್ರೊಫೆಸರು ಬಿಚ್ಚಲು ಹೋಗಿ ಉಗುರು ಮುರಿದುಕೊಂಡರು. ಮೇಜಿನ ಮೇಲಿನ ಗಂಟನ್ನೂ ಇದನ್ನೂ ಮೂವರೂ ಹೋಲಿಸಿ ನೋಡಿದರು. ಯಾರೂ ನಗಲಿಲ್ಲ. ಗೆದ್ದೆ ಅಂದುಕೊಂಡಳು ಅವಳು.

ಆಗ ರಿಜಿಸ್ಟ್ರಾರ್ ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಕೇಳಿದರು. "ಅಂದ್ರೆ ಈ ಗಂಟು ನಿನ್ನೊಬ್ಬಳಿಗೆ ಮಾತ್ರ ಬರೋದು?"

"ಹೌದು ಸಾರ್."

"ಗುಡಿಸೋಕೆ ಅಂತ ಉಗ್ರಾಣದ ಬೀಗದ ಕೈ ನಿನ್ನ ಕೈಗೇ ಕೊಡ್ತಾರೆ, ಅಲ್ವಾ?"

"ಹೌದು ಸಾರ್, ದಿನಾ ಬೆಳಗ್ಗೆ."

"ನಿನ್ನ ಮಗಳು ಇದೇ ವಿಷಯದಲ್ಲಿ ಫೇಲು. ಗೇಟಿನ ಹೊರಗೆ ಕೂತಿರೋರಲ್ಲಿ ಅವಳೂ ಒಬ್ಬಳು."

ಅವಳು ಉತ್ತರ ಕೊಡುವ ಮೊದಲೇ ರಿಜಿಸ್ಟ್ರಾರ್ ಜಡ್ಜಿನ ಕಡೆ ತಿರುಗಿದರು. "ಸ್ಪಷ್ಟವಾಯ್ತಲ್ಲ ಸಾರ್. ತಿದ್ದಿ ಬಂದ ಕಟ್ಟುಗಳನ್ನ ಇವಳೇ ಬಿಚ್ಚಿದ್ದಾಳೆ, ಮಗಳ ಪತ್ರಿಕೆ ಹುಡುಕೋಕೆ. ಆಮೇಲೆ ತನ್ನ ಗಂಟು ಹಾಕಿ ಇಟ್ಟಿದ್ದಾಳೆ. ಎಲ್ಲ ಗೊಂದಲಕ್ಕೂ ಮೂಲ ಇದು."

ಮೂವರ ಮುಖದಲ್ಲೂ ಭಾರ ಇಳಿಸಿದ ನೆಮ್ಮದಿ ಕಂಡಿತು. ಬೇಕಾಗಿದ್ದ ತಲೆ ಸಿಕ್ಕಿತ್ತು, ಗೂಬೆ ಕೂರಿಸುವುದಷ್ಟೇ ಬಾಕಿ ಇತ್ತು.

"ಅಯ್ಯೋ ಸಾರ್! ನಾನ್ಯಾಕೆ ಬಿಚ್ಚಲಿ, ನನಗೆ ಓದೋಕೇ ಬರಲ್ಲ! ಈಗಲೇ ಕೊಯ್ದು ನೋಡಿ. ಒಳಗೆ ಒಂದೇ ಒಂದು ಕೆಂಪು ಗೆರೆ ಇದ್ರೆ ನಾನು ಕಳ್ಳಿ, ಚಪ್ಪಲೀಲಿ ಹೊಡೀರಿ."

ಜಡ್ಜು ಕನ್ನಡಕ ತೆಗೆದು ಒರೆಸಿದರು. "ಕಟ್ಟುಗಳನ್ನು ಪರಿಶೀಲಿಸೋ ಅಧಿಕಾರ ಮಾತ್ರ ನಮಗೆ ಕೊಟ್ಟಿದ್ದಾರಮ್ಮ. ಬಿಚ್ಚೋ ಅಧಿಕಾರ ಕೊಟ್ಟಿಲ್ಲ."

"ಬಿಚ್ಚದೆ ಏನು ನೋಡ್ತೀರಿ ಸಾರ್?"

"ಬಾಯ್ಮುಚ್ಚೇ ಲೌಡಿ!" ಎಂದ ಸೂಪರಿಂಟೆಂಡೆಂಟ್. ಈ ಸಲ ಯಾರೂ ಅವನನ್ನು ತಡೆಯಲಿಲ್ಲ.

ಕಟ್ಟು ಬಿಚ್ಚಿದ್ದು ತಾನೇ ಎಂದು ಅವಳು ಒಪ್ಪಿಕೊಂಡ ಹಾಗೆ ರಿಜಿಸ್ಟ್ರಾರ್ ಹೇಳುತ್ತಾ ಹೋದರು, ಗುಮಾಸ್ತ ಬರೆಯುತ್ತಾ ಹೋದ. ಹೆಬ್ಬೆಟ್ಟಿಗೆ ಮಸಿಯ ಪ್ಯಾಡು ಬಂತು. ಸಮಿತಿಯವರು ಚಹಾ ಕುಡಿಯಲು ಪಕ್ಕದ ಕೋಣೆಗೆ ಎದ್ದಾಗ ರಿಜಿಸ್ಟ್ರಾರ್ ಅವಳ ಪಕ್ಕ ಬಂದು ಬಗ್ಗಿದರು. ಬೈಯಲಿಲ್ಲ. ಮನೆಯವರ ಹಾಗೆ ಮಾತಾಡಿದರು.

"ನೋಡವ್ವಾ, ನೀನೂ ಒಬ್ಬ ತಾಯಿ. ಇದಕ್ಕೆ ಹೆಬ್ಬೆಟ್ಟು ಒತ್ತು. ನಿನ್ನ ಮಗಳ ಆರು ಅರವತ್ತಾಗುತ್ತೆ, ನಾಳೆಯೇ ಕೈಗೆ ಕೊಡಿಸ್ತೀನಿ. ಒತ್ತಲಿಲ್ಲ ಅಂದ್ರೆ ಪೊಲೀಸು. ಅವಳು ಇನ್ನು ಯಾವ ಪರೀಕ್ಷೆಗೂ ಕೂರೋ ಹಾಗಿಲ್ಲ. ಹೇಗಿದ್ರೂ ಬೆಳಗ್ಗೆ ಲಾರಿ ಬರುತ್ತೆ, ಈ ಕಟ್ಟೆಲ್ಲ ಕಾಗದದ ಮಿಲ್ಲಿಗೆ ಹೋಗುತ್ತೆ. ಆಮೇಲೆ ನಿನ್ನ ಗಂಟಿನ ಮಾತು ಕೇಳೋರ್ಯಾರು?"

ಅರವತ್ತು. ಮಗಳು ಹೊಟ್ಟೆ ತುಂಬ ಉಂಡು ಎರಡು ವಾರವಾಗುತ್ತಾ ಬಂದಿತ್ತು. ಒಂದು ಹೆಬ್ಬೆಟ್ಟು, ಅಷ್ಟೇ. ತನಗೇನು ಮಾನ ಉಳಿದಿದೆ ಇವರ ಕಣ್ಣಲ್ಲಿ, ಹೋಗುವುದಕ್ಕೆ? ಒತ್ತಿಬಿಡೋಣ ಎಂದು ಕೈ ಚಾಚಿಯೂ ಚಾಚಿದಳು. ಚಾಚಿದ ಮೇಲೆ "ಇದೆಲ್ಲ ಸುಳ್ಳಾ?" ಎಂದು ಮಗಳು ಕೇಳಿದ ಮಾತು ನೆನಪಾಯಿತು. ಇದನ್ನು ಒತ್ತಿದರೆ ಅವಳು ಬರೆದದ್ದನ್ನು ಯಾರೂ ಯಾವತ್ತೂ ಓದುವುದಿಲ್ಲ. ಅರವತ್ತೂ ಬಾಯಿಗೆ ಬಂದದ್ದೇ, ಆರರ ಹಾಗೆ.

"ಕೈ ತುಂಬಾ ಧೂಳು ಸಾರ್," ಎಂದಳು. "ತೊಳ್ಕೊಂಡು ಬಂದು ಒತ್ತುತೀನಿ."

"ಜಾಣೆ," ಎಂದು ರಿಜಿಸ್ಟ್ರಾರ್ ಚಹಾಕ್ಕೆ ಹೋದರು.

ಒಂದು ಕಟ್ಟಿನ ಮೇಲೆ ಗುಮಾಸ್ತ ಕಾಗದ ಇಟ್ಟುಕೊಂಡು ಬರೆಯುತ್ತಿದ್ದ. ಅವಳು ಇನ್ನೊಂದನ್ನು ತಲೆಗೇರಿಸಿದಳು. ಗುಮಾಸ್ತ ತಲೆಯೆತ್ತಲಿಲ್ಲ. ಬಾಗಿಲಲ್ಲಿದ್ದ ಜವಾನ ದಾರಿ ಬಿಟ್ಟ. ಮೆಟ್ಟಿಲಲ್ಲಿ ಎದುರಾದ ಸೂಪರಿಂಟೆಂಡೆಂಟ್ ಕೂಡ ಸಿಗರೇಟು ಹಚ್ಚುತ್ತಾ ಪಕ್ಕಕ್ಕೆ ಸರಿದ. ಹೊರೆ ಹೊತ್ತು ಓಡಾಡುವ ಹೆಂಗಸನ್ನು ಆ ಕಟ್ಟಡದಲ್ಲಿ ಯಾರೂ ಎಂದೂ ನೋಡಿದ್ದಿಲ್ಲ. ಉಗ್ರಾಣದ ಕಡೆ ತಿರುಗಬೇಕಾದ ಜಾಗದಲ್ಲಿ ಅವಳು ತಿರುಗದೆ ನೇರ ಬಿಸಿಲಿಗಿಳಿದಳು.

ಗೇಟಿನ ಕಾವಲುಗಾರ ಅವಳನ್ನು ಅಕ್ಕಾ ಎಂದು ಕರೆಯುತ್ತಿದ್ದವನು, ಅವಳ ಹಾಗೇ ಗುತ್ತಿಗೆ ಆಳು. ಕಟ್ಟು ಕಂಡದ್ದೇ ಅವನ ಮುಖ ಬಿಳಿಚಿತು.

"ಅಕ್ಕಾ, ಏನಿದು? ನನ್ನ ಹೊಟ್ಟೆ ಮೇಲೆ ಹೊಡೀಬೇಡ. ಬೀಗ ತೆಗೆಯೋಕಾಗಲ್ಲ ನನಗೆ."

"ತೆಗೀಬೇಡಪ್ಪ. ಇಲ್ಲೇ ಕೂರ್ತೀನಿ."

ಗೇಟಿನ ಬುಡದಲ್ಲಿ ಕಟ್ಟು ಇಳಿಸಿ ಎಡಗೈಯನ್ನು ಗಂಟಿನ ಮೇಲಿಟ್ಟು ಕೂತಳು. ಆಚೆ ಮಕ್ಕಳು ಎದ್ದು ಮುತ್ತಿದರು. ಮಗಳು ಕಂಬಿ ಹಿಡಿದು ಬಗ್ಗಿದಳು. ಯಾರೋ ಸಂದಿಯಿಂದ ಕೈ ಚಾಚಿ ಹುರಿ ಎಳೆಯಲು ನೋಡಿದರು.

"ಮುಟ್ಟಬೇಡಿ!" ಎಂದು ಅವಳು ಕಿರುಚಿದಳು. "ಹುರಿ ಹರಿದುಹೋದ್ರೆ ನಾನೇ ಬಿಚ್ಚಿದೆ ಅಂತಾರೆ. ಹೀಗೇ ನಾಳೆ ಪೇಪರಿನವರು ನೋಡಲಿ. ಲೇ ಮಗಳೇ, ನಿನ್ನ ನಂಬರು ಹೇಳೇ. ಇವನು ಚೀಟಿ ಓದ್ತಾನೆ."

ಮಗಳು ನಂಬರು ಹೇಳಿದಳು. ಕಾವಲುಗಾರ ಹಿಂದೆ ಮುಂದೆ ನೋಡಿ, ಮಂಡಿಯೂರಿ, ಚೀಟಿಯ ಮೇಲಿಂದ ಕೆಳಗಿನವರೆಗೆ ಬೆರಳೆಳೆದ. ಮತ್ತೊಮ್ಮೆ ಎಳೆದ.

"ಇಲ್ಲ ಅಕ್ಕಾ. ಅವಳದ್ದು ಇದರಲ್ಲಿಲ್ಲ."

ಮೇಲೆ ಸಭಾಂಗಣದಲ್ಲಿ ಉಳಿದ ಇನ್ನೊಂದು ಕಟ್ಟಿನಲ್ಲಿತ್ತೋ, ಉಗ್ರಾಣದ ಸಾಲಿನಲ್ಲಿತ್ತೋ. ಮಗಳು ಹಣೆಯನ್ನು ಕಂಬಿಗೆ ಒತ್ತಿ ನಿಂತಳು, ಅಳಲಿಲ್ಲ. ಕಟ್ಟಡದ ಮೆಟ್ಟಿಲ ಮೇಲೆ ಕೂಗಾಟ ಕೇಳಿಸಿತು. ರಿಜಿಸ್ಟ್ರಾರ್ ಇಳಿದು ಬರುತ್ತಿದ್ದರು, ಅವರಿಗಿಂತ ಮುಂದೆ ಸೂಪರಿಂಟೆಂಡೆಂಟ್ ಓಡಿ ಬರುತ್ತಿದ್ದ.

"ಇನ್ನೂ ಕಾಲ ಮಿಂಚಿಲ್ಲ ಅಕ್ಕಾ," ಕಾವಲುಗಾರ ಪಿಸುಗುಟ್ಟಿದ. "ವಾಪಸು ಕೊಟ್ಟುಬಿಡು. ಅವರು ಹೇಳಿದ್ದಕ್ಕೆ ಹೂಂ ಅನ್ನು. ನಿನ್ನ ಮಗಳದ್ದೇ ಇಲ್ಲದ ಮೇಲೆ ನಿನಗ್ಯಾಕೆ?"

ಅವಳು ಎಡಗೈಯನ್ನು ಗಂಟಿನ ಮೇಲೆ ಇನ್ನಷ್ಟು ಒತ್ತಿದಳು.

"ಮತ್ತೆ ಯಾರದ್ದಿದೆ ಇದರಲ್ಲಿ?"

"ಅಕ್ಕಾ..."

"ಓದೋ."

ಅವನು ಮೊದಲ ನಂಬರು ಓದಿದ. ಆ ನಂಬರಿನವರು ಗುಂಪಿನಲ್ಲಿರಲಿಲ್ಲ. ಎರಡನೆಯದು ಓದಿದ. ಗುಂಪಿನ ಹಿಂದೆ, ಬಿಸಿಲಿಗೆ ಪುಸ್ತಕ ಅಡ್ಡ ಹಿಡಿದು ನಿಂತಿದ್ದ, ಇವಳು ಎಂದೂ ಕಾಣದ ಹುಡುಗಿಯೊಬ್ಬಳು ಕೈ ಎತ್ತಿದಳು. "ನಂದು," ಎಂದಳು, ತಪ್ಪೊಪ್ಪಿಕೊಳ್ಳುವವಳ ಹಾಗೆ.

"ಬಾ ತಾಯಿ, ಹತ್ತಿರ ಬಂದು ನಿಂತ್ಕೋ. ನಿಂದು ಇಲ್ಲೇ ಇದೆ."

ಅಷ್ಟರಲ್ಲಿ ಸೂಪರಿಂಟೆಂಡೆಂಟ್ ಬಂದು ಮುಟ್ಟಿದ. "ಕೈ ತೆಗಿಯೇ ಬೋಸುಡಿ!" ಎಂದು ಗಂಟಿನ ಮೇಲಿದ್ದ ಅವಳ ಎಡಗೈಯನ್ನು ಬೂಟುಗಾಲಿನಲ್ಲಿ ತುಳಿದ. ಏನೋ ಮುರಿದ ಸದ್ದಾಯಿತು. ಕಾವಲುಗಾರ ಚೀಟಿಯಿಂದ ಬೆರಳು ತೆಗೆದು ಹಿಂದೆ ಸರಿದ. ಅವಳು ಬಲಗೈಯಲ್ಲಿ ಕಾವಲುಗಾರನ ಪ್ಯಾಂಟಿನ ಅಂಚು ಹಿಡಿದುಕೊಂಡಳು.

"ನಿಲ್ಲಿಸಬೇಡಪ್ಪ," ಎಂದಳು. "ಮುಂದಿನದು ಓದು."