ನಡುವೆ ಕೂತ ‘ನೀವು’

ಖಾಲಿದಾಗೆ ಆ ಕೆಲಸ ಸಿಗುತ್ತದೋ ಇಲ್ಲವೋ ಎಂಬುದು ಅಂದು ನನ್ನ ಕೈಯಲ್ಲಿತ್ತು. ಸ್ಯಾನ್ ಮಟಿಯೋದ ಉಚಿತ ಕ್ಲಿನಿಕ್ಕೊಂದರಲ್ಲಿ, ಡಾಕ್ಟರಿಗಿಂತ ಮೊದಲು ರೋಗಿಗಳನ್ನು ಸ್ಪ್ಯಾನಿಷಿನಲ್ಲಿ ವಿಚಾರಿಸುವವರನ್ನು ತಯಾರು ಮಾಡಿ ಆರಿಸುವವಳು ನಾನು. ಕಾಲೇಜಿನಲ್ಲಿ ಅದೇ ಭಾಷೆ ಕಲಿಸುತ್ತೇನೆ. ತಪ್ಪು ಕಿವಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತದೆ.

ಹುಬ್ಬಳ್ಳಿಯ ಖಾಲಿದಾ ಸ್ಪ್ಯಾನಿಷ್ ಕಲಿತದ್ದು ಸನ್ನಿವೇಲಿನ ಡೇಕೇರಿನ ಅಡುಗೆಮನೆಯಲ್ಲಿ, ಡೊಮಿನಿಕನ್ ರಿಪಬ್ಲಿಕ್ಕಿನ ಗೆಳತಿ ಆಲ್ಟಗ್ರಾಸಿಯಾಳಿಂದ. ‘ಹೇಗಿದ್ದೀರಿ’ ಎನ್ನಲು ನಾನು ಕಲಿಸುವುದು ‘ಕೋಮೊ ಎಸ್ತಾ ಉಸ್ತೆದ್’. ಉಸ್ತೆದ್ ಎಂದರೆ ನೀವು, ಅದು ಕೊನೆಗೆ ಬರಬೇಕು. ಖಾಲಿದಾ ‘ಕೋಮೊ ಉಸ್ತೆದ್ ಎಸ್ತಾ’ ಎಂದು ಅದನ್ನು ನಡುವೆ ತಂದು ಕೂರಿಸುತ್ತಿದ್ದಳು. ಆ ಗೆಳತಿಯ ದೇಶದ ಕಡೆಯ ದ್ವೀಪಗಳಲ್ಲಿ ಹಾಗೇ ಕೇಳುತ್ತಾರೆಂದು ನನಗೆ ಗೊತ್ತಿತ್ತು. ಆದರೆ ಅದು ಮನೆಮಾತು, ಕ್ಲಿನಿಕ್ಕಿಗೆ ಸಲ್ಲದು ಎಂಬುದು ನನ್ನ ಹಠ. ಇನ್ನೊಮ್ಮೆ ಹಾಗೆ ಕೇಳಿದರೆ ಫೇಲು ಎಂದು ಹೆದರಿಸಿ, ಆರು ವಾರ ತಿದ್ದಿ ದಾರಿಗೆ ತಂದೆ.

ಪರೀಕ್ಷೆಯ ದಿನ ಮೊದಲು ಬಂದ ರೋಗಿ ಆಲ್ಟಗ್ರಾಸಿಯಾಳ ದೇಶದ ರಾಜಧಾನಿ ಸ್ಯಾಂಟೋ ಡೊಮಿಂಗೋದ ಒಬ್ಬ ಮುದುಕರು. ಹೇಗೆ ವಿಚಾರಿಸಬೇಕೆಂದು ತೋರಿಸಲು ನಾನೇ ಶುರು ಮಾಡಿದೆ. ಕೇಳಿದ್ದಕ್ಕೆಲ್ಲ ‘ಚೆನ್ನಾಗಿದ್ದೇನೆ’ ಎಂದು ಗೋಡೆ ನೋಡಿದರು. ಖಾಲಿದಾ ನನ್ನತ್ತ ಒಮ್ಮೆ ನೋಡಿ, ಕುರ್ಚಿ ಹತ್ತಿರಕ್ಕೆಳೆದುಕೊಂಡು, ‘ನೀವು’ವನ್ನು ನಡುವೆ ಕೂರಿಸಿಯೇ ಕೇಳಿದಳು.

ಮುದುಕರು ತಿರುಗಿದರು. “ನಮ್ಮೂರ ಮಾತು ನಿನಗೆ ಯಾರು ಕಲಿಸಿದರಮ್ಮ?” ಎಂದರು. ಐದು ನಿಮಿಷದಲ್ಲಿ ಎಲ್ಲ ಹೊರಬಂತು. ತಲೆ ಸುತ್ತುತ್ತದೆಂದು ಬಿಪಿ ಮಾತ್ರೆ ಬಿಟ್ಟು ಹತ್ತು ದಿನವಾಗಿತ್ತಂತೆ, ಮಗಳಿಗೂ ಹೇಳಿರಲಿಲ್ಲವಂತೆ. ಖಾಲಿದಾ ಅದನ್ನು ಬರೆದು ನೇರ ಡಾಕ್ಟರ ಬಳಿಗೆ ಒಯ್ದಳು.

ಮುಂದಿನವರು ಮೆಕ್ಸಿಕೋದ ಹೆಂಗಸು. ಅವರನ್ನು ನಾನು ಕಲಿಸಿದ ಹಾಗೇ, ಎಲ್ಲೂ ತಡವರಿಸದೆ ವಿಚಾರಿಸಿದಳು. ನಾನು ಬೆರಗಾಗಿ ಕೂತೆ. ಅವಳಿಗೆ ಎರಡೂ ಬರುತ್ತಿದ್ದವು, ನನಗೆ ಒಂದೇ.

“ಫೇಲಾಗ್ತೀರ ಅಂತ ಗೊತ್ತಿದ್ದೂ ಹಾಗ್ಯಾಕೆ ಕೇಳಿದ್ರಿ?” ಎಂದೆ.

“ಅಜ್ಜಾರು ಬಾಯೇ ಬಿಡವಲ್ರು, ನಿವೇದಿತಾ ಮೇಡಂ. ಅವರ ಮನ್ಯಾಗ ಕೇಳಿದಂಗ ಕೇಳಿದ್ರ ಹೇಳ್ತಾರ ಅನಸ್ತು.” ಆಮೇಲೆ ಕೇಳಿದಳು, “ನಾ ಫೇಲ್ ಏನ್ರಿ?”

ನನ್ನ ಮಂಡ್ಯದ ಮಾತನ್ನು ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಬೆಂಗಳೂರಿನ ಹಾಸ್ಟೆಲಿನಲ್ಲಿ ಯಾರೋ ನಕ್ಕರೆಂದು ನಾಚಿ ಬಿಟ್ಟದ್ದು. ಅದು ಇನ್ನೂ ನಾಲಗೆಯ ಮೇಲಿದೆ ಎಂದು ನನಗೇ ಗೊತ್ತಿರಲಿಲ್ಲ.

“ಫೇಲಾಗಿದ್ದು ನಾನು ಕನಕ್ಕ,” ಎಂದೆ. “ಸ್ವಾಮಾರದಿಂದ್ಲೇ ಕೆಲ್ಸಕ್ಕೆ ಬಂದ್ಬುಡು.”